ನಿಧಾನದ ದನಿ, ಧಾವಿಸುವ ಲಯ: ಬ್ರಿಟಿಷ್ ಪಾಪ್ ಜೋಡಿಗಳ ಪರಂಪರೆ ಮತ್ತು ‘ವಾಕಿಂಗ್ ವೂಂಡೆಡ್’

ಪಾಪ್ ಕಲಾವಿದರು ಶೈಲಿ ಬದಲಿಸಿದಾಗ ವಿಮರ್ಶೆ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತದೆ: ಧೈರ್ಯ ಮಾಡಿದರೇ, ಇಲ್ಲ ಮಾರುಕಟ್ಟೆಗೆ ಮಣಿದರೇ? ಎರಡೂ ಪ್ರಶ್ನೆಗಳು ಕಲಾವಿದರ ಮನಸ್ಸನ್ನು ಕೆದಕುತ್ತವೆಯೇ ಹೊರತು ಹಾಡಿನೊಳಗೆ ಏನಾಯಿತೆಂದು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಹಾಡುಗಳಿಗೆ ಮೊದಲಿನಿಂದಲೂ ಬೇಕಾಗಿದ್ದು ದಕ್ಕದೇ ಉಳಿದಿದ್ದ ಯಾವುದನ್ನು ಈ ಹೊಸ ನಾದ ತಂದುಕೊಟ್ಟಿತು? ಈ ಅಳತೆಗೋಲಿನಲ್ಲಿ ನೋಡಿದರೆ, ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ ಅವರ ‘ಎವ್ರಿಥಿಂಗ್ ಬಟ್ ದ ಗರ್ಲ್’ ಜೋಡಿ 1996ರಲ್ಲಿ ಹೊರತಂದ ‘ವಾಕಿಂಗ್ ವೂಂಡೆಡ್’ ಬ್ರಿಟಿಷ್ ಪಾಪ್ ಜೋಡಿಗಳ ಪರಂಪರೆಯಲ್ಲಿ ಅತ್ಯಂತ ಸಾರ್ಥಕವಾದ ಶೈಲಿ ಬದಲಾವಣೆ ಎಂಬುದು ನನ್ನ ವಾದ.

ಆ ಪರಂಪರೆಯ ಸೂತ್ರ ಸರಳ: ಒಂದು ದನಿ, ಒಂದು ಯಂತ್ರ. 1980ರ ದಶಕದ ಆರಂಭದಲ್ಲಿ ಸಿಂಥಸೈಜರ್, ಸೀಕ್ವೆನ್ಸರ್, ಡ್ರಮ್ ಮಷೀನುಗಳು ಮಧ್ಯಮವರ್ಗದ ಕೈಗೆಟುಕುವಷ್ಟು ಅಗ್ಗವಾದಾಗ, ಮೂರ್ನಾಲ್ಕು ವಾದ್ಯಗಾರರ ಕೆಲಸವನ್ನು ಒಬ್ಬರೇ ಮಾಡಬಹುದಾಯಿತು. 1981ರಲ್ಲಿ ಸಾಫ್ಟ್ ಸೆಲ್, 1982ರಲ್ಲಿ ಯಾಜೂ, 1983ರಲ್ಲಿ ಯುರಿದ್ಮಿಕ್ಸ್, ಆಮೇಲೆ ಪೆಟ್ ಶಾಪ್ ಬಾಯ್ಸ್ ಹೀಗೆ ಸಾಲಾಗಿ ಬಂದವು. ಈ ಜೋಡಿಗಳ ಸೊಗಸು ಇದ್ದದ್ದು ಇಬ್ಬರ ನಡುವಿನ ಸೆಳೆತದಲ್ಲಿ. ಯಾಜೂದಲ್ಲಿ ವಿನ್ಸ್ ಕ್ಲಾರ್ಕ್ ಅವರ ಸಿಂಥಸೈಜರ್ ತಣ್ಣಗೆ, ಗಡಿಯಾರದಂತೆ ನಡೆಯುತ್ತದೆ. ಅದರ ಮೇಲೆ ಆಲಿಸನ್ ಮೊಯೆಟ್ ಅವರ ಬ್ಲೂಸ್ ಕಂಠ ಉರಿಯುತ್ತದೆ. ಎರಡೂ ರಾಜಿಯಾಗದೆ ಉಳಿದಷ್ಟೂ ಹಾಡು ಗೆಲ್ಲುತ್ತದೆ. ಆದ್ದರಿಂದ ಈ ಶಾಲೆಯಲ್ಲಿ ಶೈಲಿ ಬದಲಾವಣೆ ಅಪಾಯದ ಕೆಲಸ. ಯುರಿದ್ಮಿಕ್ಸ್ 1985ರ ‘ಬಿ ಯುವರ್‌ಸೆಲ್ಫ್ ಟುನೈಟ್’ನಲ್ಲಿ ಗಿಟಾರು, ಹಿತ್ತಾಳೆ ವಾದ್ಯ, ಸೋಲ್ ಸಂಗೀತದ ಕಡೆ ಹೊರಳಿತು, ಅರೀಥಾ ಫ್ರಾಂಕ್ಲಿನ್, ಸ್ಟೀವಿ ವಂಡರ್ ಅಂಥವರೂ ಕೈಜೋಡಿಸಿದರು. ಹಾಡುಗಳಿಗೆ ಕಸುವು ಬಂತು. ಆದರೆ ಆನಿ ಲೆನಾಕ್ಸ್ ಅವರ ದನಿಗೆ ಎದುರು ನಿಂತಿದ್ದ ತಣ್ಣನೆಯ ಗೋಡೆ ಬಿದ್ದುಹೋಯಿತು. ಬೆಚ್ಚನೆಯ ದನಿಗೆ ಬೆಚ್ಚನೆಯ ವಾದ್ಯಗಳೇ ಜೊತೆಯಾದವು. ಪೆಟ್ ಶಾಪ್ ಬಾಯ್ಸ್ 1990ರ ‘ಬಿಹೇವಿಯರ್’ನಲ್ಲಿ ಹೆಚ್ಚು ಜಾಣರಾಗಿದ್ದರು. ಹೆರಾಲ್ಡ್ ಫಾಲ್ಟರ್‌ಮೇಯರ್ ಜೊತೆ ಮ್ಯೂನಿಕ್‌ನಲ್ಲಿ ಹಳೆಯ ಅನಲಾಗ್ ಸಿಂಥಸೈಜರುಗಳನ್ನು ಹಿಡಿದು, ಯಂತ್ರವನ್ನು ಬಿಡದೆಯೇ ಅದನ್ನು ಅಂತರ್ಮುಖಿಯಾಗಿಸಿದರು. ಆದರೂ ಅದು ಇದ್ದ ಮನೆಯೊಳಗೇ ದೀಪ ಸಣ್ಣಗೆ ಮಾಡಿದ ಬಗೆ.

ಥಾರ್ನ್ ಮತ್ತು ವಾಟ್ ನಡೆದದ್ದು ಇದಕ್ಕೆ ಎದುರು ದಿಕ್ಕಿನಲ್ಲಿ. ಹಲ್ ವಿಶ್ವವಿದ್ಯಾಲಯದಲ್ಲಿ ಜೊತೆಯಾದ ಇವರು 1982ರಲ್ಲಿ ಮೊದಲು ಹೊರತಂದದ್ದು ಕೋಲ್ ಪೋರ್ಟರ್ ರಚನೆಯೊಂದರ ಮೆಲುದನಿಯ ಆವೃತ್ತಿಯನ್ನು. 1984ರ ‘ಈಡನ್’ ಜಾಝ್ ಮತ್ತು ಬೊಸ್ಸಾ ನೋವಾದ ನೆರಳಿನಲ್ಲಿದ್ದರೆ, 1986ರ ಆಲ್ಬಂನಲ್ಲಿ ಆರ್ಕೆಸ್ಟ್ರಾ ಬಂತು. 1990ರ ‘ದ ಲ್ಯಾಂಗ್ವೇಜ್ ಆಫ್ ಲೈಫ್’ಗಾಗಿ ಅಮೆರಿಕದ ನಿರ್ಮಾಪಕ ಟಾಮಿ ಲಿಪೂಮಾ ನುರಿತ ಜಾಝ್ ವಾದಕರನ್ನು ಕಲೆಹಾಕಿದರು, ಸ್ಟಾನ್ ಗೆಟ್ಝ್ ಕೂಡ ಒಂದು ಹಾಡಿಗೆ ಸ್ಯಾಕ್ಸೊಫೋನ್ ನುಡಿಸಿದರು. ಅಂದರೆ 1996ಕ್ಕೆ ಮುಂಚೆಯೂ ಈ ಜೋಡಿ ಮತ್ತೆ ಮತ್ತೆ ಶೈಲಿ ಬದಲಿಸಿತ್ತು. ಆದರೆ ಆ ಬದಲಾವಣೆಗಳೆಲ್ಲ ಒಂದೇ ಕಡೆ ಎಡವಿದವು. ಥಾರ್ನ್ ಅವರದು ಮಂದ್ರದಲ್ಲಿ ನೆಲೆನಿಂತ, ಆವೇಶ ತೋರದ ದನಿ. ಅದಕ್ಕೆ ನಯವಾದ ಜಾಝ್ ಜೊತೆ ಸೇರಿದಾಗ ಹಾಡಿನಲ್ಲಿ ಘರ್ಷಣೆಯೇ ಉಳಿಯಲಿಲ್ಲ. ಮಾತುಗಳಲ್ಲಿದ್ದ ಕಹಿ, ಅನುಮಾನ, ಒಂಟಿತನಗಳೆಲ್ಲ ಹಿತವಾದ ಹಿನ್ನೆಲೆಯಲ್ಲಿ ಕರಗಿ, ಎಷ್ಟೋ ಕೇಳುಗರಿಗೆ ಅವು ಊಟದ ಹೊತ್ತಿನ ಸಂಗೀತವಾಗಿಬಿಟ್ಟವು.

ತಿರುವು ಬಂದದ್ದು 1992ರ ನಂತರ. ಆ ವರ್ಷ ವಾಟ್ ಚರ್ಗ್–ಸ್ಟ್ರಾಸ್ ಎಂಬ ಅಪರೂಪದ ಕಾಯಿಲೆಗೆ ತುತ್ತಾಗಿ ಸಾವಿನ ಅಂಚಿಗೆ ಹೋದರು. ಸಣ್ಣಕರುಳಿನ ಬಹುಭಾಗವನ್ನು ಕಳೆದುಕೊಂಡರು. ಬಳಿಕ ಬಂದ ‘ಆಂಪ್ಲಿಫೈಡ್ ಹಾರ್ಟ್’ (1994) ಅಲಂಕಾರಗಳನ್ನೆಲ್ಲ ಕಳಚಿಟ್ಟ ಆಲ್ಬಂ. ಡ್ಯಾನಿ ಥಾಂಪ್ಸನ್ ಅವರ ಡಬಲ್ ಬಾಸ್ ಒಂದು ಬದಿ, ಯಂತ್ರದ ತಾಳ ಇನ್ನೊಂದು ಬದಿ. ಅದೇ ವರ್ಷ ಮ್ಯಾಸಿವ್ ಅಟ್ಯಾಕ್ ತಂಡದ ‘ಪ್ರೊಟೆಕ್ಷನ್’ಗಾಗಿ ಥಾರ್ನ್ ಹಾಡಿದರು, ಬರಿದಾದ, ನಿಧಾನವಾದ ಯಂತ್ರಲಯದ ಮೇಲೆ ಅವರ ದನಿ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ ಕೇಳಿತು. ನ್ಯೂಯಾರ್ಕಿನ ನಿರ್ಮಾಪಕ ಟಾಡ್ ಟೆರ್ರಿ ‘ಆಂಪ್ಲಿಫೈಡ್ ಹಾರ್ಟ್’ನ ‘ಮಿಸ್ಸಿಂಗ್’ ಹಾಡನ್ನು ಹೌಸ್ ಎಂಬ ಕ್ಲಬ್ ಸಂಗೀತದ ಸಮಲಯಕ್ಕೆ ಹೊಂದಿಸಿದ ರೀಮಿಕ್ಸ್ 1995ರಲ್ಲಿ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೂ ಮುಂದೆ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೂ ಏರಿತು. ಆ ರೀಮಿಕ್ಸ್ ದನಿಯ ಭಾವವನ್ನು ಮುಟ್ಟದೆ ಕೆಳಗಿನ ನೆಲವನ್ನು ಮಾತ್ರ ಬದಲಿಸಿತ್ತು. ನೆಲ ಗಟ್ಟಿಯಾದಷ್ಟೂ ಹಂಬಲ ಹೆಚ್ಚು ಸ್ಪಷ್ಟವಾಯಿತು.

‘ವಾಕಿಂಗ್ ವೂಂಡೆಡ್’ ಈ ಪಾಠವನ್ನು ಇನ್ನೂ ಆಳಕ್ಕೆ ಒಯ್ಯಿತು. ಅದರ ಶೀರ್ಷಿಕೆ ಗೀತೆಗೆ ಸ್ಪ್ರಿಂಗ್ ಹೀಲ್ ಜ್ಯಾಕ್ ಎಂಬ ತಂಡ ಜೊತೆಯಾಯಿತು. ನಾದದ ಮೂಲ ಲಂಡನ್ನಿನ ಡ್ರಮ್ ಅಂಡ್ ಬಾಸ್. ಈ ಸಂಗೀತದ ಗುಟ್ಟು ಅದರ ಎರಡು ಕಾಲಗಳಲ್ಲಿದೆ. ಡ್ರಮ್ಮುಗಳು ನಿಮಿಷಕ್ಕೆ ಸುಮಾರು 160ರಿಂದ 175 ಬಡಿತಗಳ ವೇಗದಲ್ಲಿ ಚೂರುಚೂರಾಗಿ ಧಾವಿಸುತ್ತಿದ್ದರೆ, ಬಾಸ್ ಅದರ ಅರ್ಧ ವೇಗದಲ್ಲಿ ತೂಗುತ್ತದೆ. ಹೊಸ ತಲೆಮಾರಿನ ಈ ಕುಣಿತದ ಸಂಗೀತದೊಳಗೆ ಒಂದು ವಿಲಂಬಿತ ಗತಿ ಆಗಲೇ ಅಡಗಿತ್ತು. ಥಾರ್ನ್ ತಮ್ಮ ಹಾಡುಗಾರಿಕೆಯನ್ನು ಒಂದಿಷ್ಟೂ ಅವಸರಪಡಿಸದೆ ಆ ನಿಧಾನದ ಮೇಲೆ ಕುಳಿತರು. ಅತಿವಿಲಂಬಿತ ಖಯಾಲಿನಲ್ಲಿ ತಬಲಾ ಮಾತ್ರೆಗಳ ನಡುವಿನ ಜಾಗವನ್ನು ಸಣ್ಣ ಪೆಟ್ಟುಗಳಿಂದ ತುಂಬುತ್ತಿದ್ದರೂ ಗಾಯಕರು ತಮ್ಮ ಸ್ವರವಿಸ್ತಾರವನ್ನು ಬಿಡದೆ ನಡೆಸುವುದನ್ನು ಬಲ್ಲ ಕನ್ನಡದ ಕೇಳುಗರಿಗೆ ಈ ಹೊಂದಾಣಿಕೆ ಬೇಗ ತಿಳಿಯುತ್ತದೆ. ಇಲ್ಲಿ ಅದರ ಫಲ ನಾಟಕೀಯ. ಹೇಳಲಾಗದ ಸಂಕಟವನ್ನು ಶಾಂತವಾಗಿ ಹೇಳುತ್ತಿರುವ ಹೆಣ್ಣಿನ ಅಡಿಯಲ್ಲೇ ಅವಳ ಎದೆಬಡಿತದ ಗಾಬರಿ ಓಡುತ್ತಿರುವಂತೆ ಕೇಳುತ್ತದೆ. ಹಿಂದಿನ ಆಲ್ಬಂಗಳಲ್ಲಿ ಮಾತಿಗೆ ಮಾತ್ರ ಗೊತ್ತಿದ್ದ ತಳಮಳ ಈಗ ಲಯಕ್ಕೂ ಗೊತ್ತಾಯಿತು. ‘ಸಿಂಗಲ್’ನಂಥ ನಿಧಾನದ ಹಾಡು, ‘ರಾಂಗ್’ನಂಥ ಹೌಸ್ ಹಾಡುಗಳಿರುವುದರಿಂದ ಇಡೀ ಆಲ್ಬಂ ಒಂದೇ ತಂತ್ರದ ಪ್ರದರ್ಶನವಾಗದೆಯೂ ಉಳಿಯಿತು.

ದನಿ, ಸಾಹಿತ್ಯ, ರಾಗದ ನಡೆ ಎಲ್ಲವೂ ಹಳೆಯದೇ ಆಗಿದ್ದರೆ ಇದು ಬರೀ ಮೇಲುಹೊದಿಕೆಯಲ್ಲವೇ ಎಂಬ ಆಕ್ಷೇಪಕ್ಕೆ ಮೇಲಿನ ಮಾತೇ ಉತ್ತರ. ಮೇಲುಹೊದಿಕೆಯಾಗಿದ್ದು 1990ರ ಜಾಝ್. ಅದನ್ನು ತೆಗೆದರೆ ಹಾಡಿಗೆ ನಷ್ಟವಿಲ್ಲ. ‘ವಾಕಿಂಗ್ ವೂಂಡೆಡ್’ನಿಂದ ಧಾವಿಸುವ ಡ್ರಮ್ಮುಗಳನ್ನು ತೆಗೆದರೆ ಹಾಡಿನ ಅರ್ಥದಲ್ಲೇ ಅರ್ಧ ಹೋಗುತ್ತದೆ. ಇನ್ನೊಂದು ಆಕ್ಷೇಪ, ರೀಮಿಕ್ಸಿನ ಗೆಲುವನ್ನು ಕಂಡು ಇವರು ಕ್ಲಬ್ಬುಗಳತ್ತ ಓಡಿದರು ಎಂಬುದು. ‘ಆಂಪ್ಲಿಫೈಡ್ ಹಾರ್ಟ್’ ನಂತರ ಬ್ಲಾಂಕೊ ಇ ನೆಗ್ರೊ ಸಂಸ್ಥೆ ಇವರನ್ನು ಕೈಬಿಟ್ಟಿದ್ದರಿಂದ ಅನ್ನದ ಚಿಂತೆ ಇದ್ದಿರಲೂಬಹುದು. ಆದರೆ ಕಾಲಕ್ರಮ ಈ ಆರೋಪಕ್ಕೆ ಒಗ್ಗುವುದಿಲ್ಲ: ಯಂತ್ರಲಯದ ಪ್ರಯೋಗವೂ ‘ಪ್ರೊಟೆಕ್ಷನ್’ ಕೂಡ 1994ರವು, ರೀಮಿಕ್ಸಿನ ಯಶಸ್ಸು ಆಮೇಲಿನದು. ಗೆದ್ದ ಸೂತ್ರವನ್ನೇ ಮರಳಿ ಮಾರುವ ಆಸೆಯಿದ್ದಿದ್ದರೆ ಆಲ್ಬಂ ತುಂಬ ಹೌಸ್ ಲಯವೇ ಇರಬೇಕಿತ್ತು. ಇವರು ಅದಕ್ಕಿಂತ ಕಠಿಣವಾದ, ಮುರಿದ ತಾಳದ ದಾರಿ ಹಿಡಿದರು.

ಮೂರನೆಯ ಆಕ್ಷೇಪವೇ ಗಂಭೀರವಾದದ್ದು, ಅದನ್ನು ಪೂರ್ತಿ ತಳ್ಳಿಹಾಕಲಾಗದು. ಡ್ರಮ್ ಅಂಡ್ ಬಾಸ್‌ನ ತಾಯಿಬೇರಾದ ಜಂಗಲ್ ಬೆಳೆದದ್ದು ಲಂಡನ್ನಿನ ಕಪ್ಪು ಯುವಜನರ ನಡುವೆ, ಜಮೈಕಾ ಮೂಲದ ಸೌಂಡ್ ಸಿಸ್ಟಂಗಳ ಮತ್ತು ಪರವಾನಗಿಯಿಲ್ಲದ ರೇಡಿಯೋ ಕೇಂದ್ರಗಳ ಆಸರೆಯಲ್ಲಿ. ಅದರ ಡ್ರಮ್ಮುಗಳ ಮುಖ್ಯ ಮೂಲವಾದ ತುಣುಕೂ 1969ರಲ್ಲಿ ದ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಕೆಲವೇ ಸೆಕೆಂಡು ನುಡಿಸಿದ್ದು. ಥಾರ್ನ್ ಮತ್ತು ವಾಟ್ ಕೈಯಲ್ಲಿ ಆ ಸಂಗೀತದ ಎದೆ ನಡುಗಿಸುವ ಬಾಸ್ ತಗ್ಗಿತು, ಮೈಕ್ ಹಿಡಿದ ಎಂಸಿಗಳ ಕೂಗು ಮಾಯವಾಯಿತು, ಅಂಚುಗಳು ನಯವಾದವು. ಇದು ನಿಜವಾದ ನಷ್ಟ. ಇವರಿಂದ ಜಂಗಲ್ ಪರಿಚಯವಾದವರಿಗೆ ಅದರ ಒಂದು ಮುಖವಷ್ಟೇ ಕಂಡಿತು. ಆದರೂ ಇವರು ಆ ಲೋಕದವರೆಂದು ವೇಷ ಹಾಕಲಿಲ್ಲ, ಅದರ ಆಡುಮಾತನ್ನು ಅನುಕರಿಸಲಿಲ್ಲ. ತಮ್ಮ ಬದುಕಿನ ಹಾಡನ್ನೇ ಹಾಡಿದರು. ಎರವಲು ತಂದ ಲಯದೊಳಗಿದ್ದ ಶೋಕದ ಸಾಧ್ಯತೆಯೊಂದನ್ನು ತೋರಿಸಿದರು.

1999ರ ‘ಟೆಂಪರಮೆಂಟಲ್’ನಲ್ಲಿ ಅದೇ ವಿಧಾನ ಅಭ್ಯಾಸಬಲವಾಗತೊಡಗಿ, ಶೋಧದ ಬಿಸಿ ಕಡಿಮೆಯಾಯಿತು. ಬಳಿಕ ದೀರ್ಘ ಮೌನ. 24 ವರ್ಷಗಳ ಮೇಲೆ 2023ರಲ್ಲಿ ‘ಫ್ಯೂಸ್’ ಬಂದಾಗ ಈ ಜೋಡಿ ‘ಈಡನ್’ನ ಗಿಟಾರಿಗೆ ಮರಳಲಿಲ್ಲ, ಯಂತ್ರದ ಲಯಕ್ಕೇ ಮರಳಿತು, ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೇ ಸ್ಥಾನ ಪಡೆದ ಅದು ಇವರ ಆಲ್ಬಂಗಳಲ್ಲೇ ಅತಿ ಎತ್ತರಕ್ಕೇರಿದ್ದು. ಫ್ಯಾಷನ್ನಿಗಾಗಿ ತೊಟ್ಟದ್ದನ್ನು ಯಾರೂ ಕಾಲು ಶತಮಾನ ಕಳೆದ ಮೇಲೆ ಹುಡುಕಿಕೊಂಡು ಹೋಗುವುದಿಲ್ಲ. ಜೋಡಿಗಳ ಈ ಪರಂಪರೆ ನಮಗೆ ಕಲಿಸುವುದು ಇದನ್ನೇ: ಇಬ್ಬರೇ ಇರುವ ತಂಡದಲ್ಲಿ ಡ್ರಮ್ಮರನ ಜಾಗ ಸದಾ ಖಾಲಿ, ಆದ್ದರಿಂದ ನಾದ ಬದಲಿಸುವುದು ಸುಲಭ. ಆದರೆ ತಮ್ಮ ಹಾಡಿಗೆ ಎದುರಾಡಬಲ್ಲ ನಾದವನ್ನು ಆ ಖಾಲಿ ಜಾಗಕ್ಕೆ ಕರೆತರುವುದಕ್ಕೆ ತಮ್ಮ ದನಿಯ ಸ್ವಭಾವ ತಮಗೇ ಚೆನ್ನಾಗಿ ತಿಳಿದಿರಬೇಕು. ಥಾರ್ನ್ ಮತ್ತು ವಾಟ್ ಅದನ್ನು ತಿಳಿಯಲು ಹದಿನಾಲ್ಕು ವರ್ಷ ತೆಗೆದುಕೊಂಡರು, ಮತ್ತು ‘ವಾಕಿಂಗ್ ವೂಂಡೆಡ್’ ಆ ತಿಳಿವಳಿಕೆಯ ಆಲ್ಬಂ.