ಎರೆಯಲ್ಲಿ ಡೇಲಿಲಿ: ತಪ್ಪು ಬಿಸಿಲಿನದಲ್ಲ

ಡೇಲಿಲಿ ಬೆಳೆಸುವವರಿಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ತಂಪು ದೇಶದವರು ಬರೆದವು. ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕೆಂಬುದು ಅವರ ಮೊದಲ ಪಾಠ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಇಂಡಿ, ಸಿಂದಗಿಯಲ್ಲಿ ಅದನ್ನು ನಂಬಿ ಗಿಡ ಹಚ್ಚಿದರೆ ಕಡುಗೆಂಪು ಹೂವು ಮುಂಜಾನೆ ಅರಳಿ ಮಧ್ಯಾಹ್ನಕ್ಕೇ ಸೊರಗಿ ಅಂಟಂಟಾಗುತ್ತದೆ. ಮೊದಲೇ ಒಂದು ದಿನದ ಹೂವು. ಅದರಲ್ಲೂ ಅರ್ಧ ದಿನ ಕಳೆದರೆ ಉಳಿಯುವುದೇನು?

ಹೂವು ಕೆಡುವುದು ಬಿಸಿಲಿಗೆ ನಿಜ, ಆದರೆ ಗಿಡ ಸಾಯುವುದು ನಮ್ಮ ಕೈಯಿಂದ. ಉಬ್ಬಿದ ಬೇರುಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಈ ಗಿಡ ಕಡುಬೇಸಿಗೆಯಲ್ಲಿ ಎಲೆ ಒಣಗಿಸಿಕೊಂಡು ಸುಮ್ಮನಿರುತ್ತದೆ. ನಾವೋ ಗಾಬರಿಬಿದ್ದು ಕೊಡಗಟ್ಟಲೆ ಸುರಿಯುತ್ತೇವೆ. ಬಾಯಿ ಬಿಟ್ಟ ಎರೆ ಮಣ್ಣು ನೀರು ಕುಡಿದು ಉಬ್ಬಿ ಮುಚ್ಚಿಕೊಂಡಿತೆಂದರೆ ಬುಡಕ್ಕೆ ಗಾಳಿಯಿಲ್ಲ. ಕಾದ ಮಣ್ಣಿನಲ್ಲಿ ತೇವ ನಿಂತು ಬುಡ ಕೊಳೆಯುತ್ತದೆ. ಎಲೆ ಹಿಡಿದು ಎಳೆದರೆ ಇಡೀ ಹಿಡಿಯೇ ಕೈಗೆ ಬರುತ್ತದೆ. ತುದಿಯಲ್ಲಿ ಕಂದು ಲೋಳೆ, ಕೆಟ್ಟ ನಾತ.

ಗಿಡಕ್ಕೆ ನೀರು ತಡೆಯುವ ವಿದ್ಯೆ ಇಂಡಿಯವರಿಗೆ ಹೊಸದೇ? 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿ ಲಿಂಬೆಯ ನಾಡಿದು. ಬೇಸಿಗೆಯ ದರ ಹಿಡಿಯಲು ಹಸ್ತ ಬಹಾರ ಮಾಡುವ ರೈತ ಗಿಡವನ್ನು ಬಾಯಾರಿಸಿ, ಎಲೆ ಬಾಡಿದ ಮೇಲೆ ಗೊಬ್ಬರ, ನೀರು ಕೊಟ್ಟು ಹೂ ತರಿಸುತ್ತಾನೆ. ತೋಟದಲ್ಲಿರುವ ಆ ಧೈರ್ಯ ಅಂಗಳದ ಕುಂಡದ ಮುಂದೆ ಯಾಕೆ ಉಡುಗುತ್ತದೋ!

ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಆಲಮಟ್ಟಿಯ ಹಿನ್ನೀರು, ಕಾಲುವೆ ಹತ್ತಿರವಿದ್ದಲ್ಲಿ ಕೈಗೆ ಲಗಾಮು ಹಾಕುವುದು ಇನ್ನೂ ಕಷ್ಟ. ಅಲ್ಲಿ ಬೋದು ಏರಿಸಿ, ಎರೆಗೆ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಬೆರೆಸಿ, ಬುಡ ಒಂದು ಅಂಗುಲಕ್ಕಿಂತ ಆಳಕ್ಕೆ ಇಳಿಯದಂತೆ ಕೂರಿಸಬೇಕು. ಮುಂಜಾನೆಯ ಬಿಸಿಲು, ಮಧ್ಯಾಹ್ನ ಗೋಡೆಯ ನೆರಳು ಸಾಕು. ಹಚ್ಚಲು ಮಳೆ ಇಳಿದ ಅಕ್ಟೋಬರ್ ಲೇಸು.

ತಳಿಯ ವಿಷಯದಲ್ಲಿ ಆನ್‌ಲೈನ್ ಚಿತ್ರಗಳನ್ನು ನಂಬುವಂತಿಲ್ಲ. ಚಳಿಗಾಲದಲ್ಲಿ ಪೂರ್ತಿ ಮಲಗುವ ತಳಿಗಳಿಗೆ ಬೇಕಾದ ಚಳಿ ಇಲ್ಲಿಲ್ಲ, ಒಗ್ಗುವುದು ನಿತ್ಯಹಸುರಿನವು. ಅವಕ್ಕೂ ಒಂದು ಕುಂದಿದೆ: 2000ದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ತುಕ್ಕು ರೋಗಕ್ಕೆ ಸದಾ ಹಸಿರಿರುವ ಎಲೆಯೇ ವರ್ಷವಿಡೀ ಆಸರೆ. ನನ್ನನ್ನು ಕೇಳಿದರೆ ಹಳದಿ ಹೂವಿನ ಎರಡು ಬುಡ ಸಾಕು. ಕಡುಗೆಂಪಿನ ದುಬಾರಿ ಬುಡಕ್ಕೆ ಕೊಡುವ ದುಡ್ಡಿನಲ್ಲಿ ಸುಗಂಧರಾಜ ಹಚ್ಚಿ. ಪರಿಮಳವೂ ಉಂಟು, ಹೆಚ್ಚಾದದ್ದನ್ನು ಪೇಟೆಗೆ ಒಯ್ದರೆ ಕೊಳ್ಳುವವರೂ ಉಂಟು.