ಕಿರುಬೆರಳಿನ ಗಮಕ

ಗಿಟಾರಿನಲ್ಲಿ ಗಮಕ ಬರುವುದಿಲ್ಲ ಎಂಬ ಮಾತನ್ನು ನಮ್ಮ ಕಡೆಯ ಸಂಗೀತ ಪಂಡಿತರು ಹೇಳುವ ಧಾಟಿ ನೋಡಿದರೇ ಸಾಕು, ಅವರು ಗಿಟಾರ್ ವಾದಕ ಜೆಫ್ ಬೆಕ್‌ನನ್ನು ಕೇಳಿಲ್ಲವೆಂದು ಗೊತ್ತಾಗುತ್ತದೆ. ಕೇಳಿದವರು ಇನ್ನೊಂದು ತಪ್ಪು ಮಾಡುತ್ತಾರೆ. ಅವನನ್ನು ಕ್ಲಾಪ್ಟನ್, ಹೆಂಡ್ರಿಕ್ಸ್, ಜಿಮ್ಮಿ ಪೇಜ್‌ ಸಾಲಿನಲ್ಲಿ ನಿಲ್ಲಿಸಿ, ಯಾರ ಬೆರಳು ಎಷ್ಟು ವೇಗ ಎಂದು ಲೆಕ್ಕ ಹಾಕುತ್ತಾರೆ. 2023ರ ಜನವರಿಯಲ್ಲಿ ಬೆಕ್ ತೀರಿಕೊಂಡ ಮೇಲೂ ಈ ಎರಡು ಗುಂಪಿನ ವಾದ ಇದ್ದಲ್ಲೇ ಇದೆ. ಎರಡಕ್ಕೂ ಅವನ ಬಲಗೈ ಕಂಡಿಲ್ಲ.

ಮೊದಲು ವಾದ್ಯದ ಮಾತು. ಬೆಕ್ ನುಡಿಸುತ್ತಿದ್ದ ಸ್ಟ್ರಾಟೋಕ್ಯಾಸ್ಟರ್ ಗಿಟಾರು ಎಂದರೆ ಈಗ ಹರಾಜಿನ ಸುದ್ದಿ. ಕ್ಲಾಪ್ಟನ್‌ನ 'ಬ್ಲ್ಯಾಕಿ' 2004ರಲ್ಲಿ 9,59,500 ಡಾಲರಿಗೆ ಹೋಯಿತು. ಡೇವಿಡ್ ಗಿಲ್ಮೋರ್‌ನ ಕಪ್ಪು ಗಿಟಾರು 2019ರಲ್ಲಿ 39,75,000 ಡಾಲರಿಗೆ. ಎರಡು ಕೊಂಬಿನ ಆ ಆಕಾರವನ್ನು ಜಗತ್ತೆಲ್ಲ ನಕಲು ಮಾಡಿದೆ. ಮಂಡ್ಯದ ಗಣೇಶೋತ್ಸವದ ರಸಮಂಜರಿಯಲ್ಲಿ ಕೀಬೋರ್ಡಿನ ಹಿಂದೆ ಮರೆಯಾಗಿ ನಿಂತ ಹುಡುಗನ ಹೆಗಲಲ್ಲಿರುವುದೂ ಬಹುಪಾಲು ಅದೇ ಆಕಾರ. ಆಕಾರಕ್ಕೆ ಸಿಕ್ಕಿರುವ ಈ ಕೀರ್ತಿ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. 1954ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಿಂದ ಇದನ್ನು ಹೊರತಂದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರು ನುಡಿಸಲು ಅವನಿಗೆ ಬರುತ್ತಲೇ ಇರಲಿಲ್ಲ. ವಾದಕರನ್ನು ಕೇಳಿ ಕೇಳಿ, ಬಿಚ್ಚಿ ಜೋಡಿಸಿ, ಕೈಗೆ ಏನೇನು ಎಟುಕಬೇಕೋ ಅದನ್ನೆಲ್ಲ ಎಟುಕುವ ಜಾಗದಲ್ಲಿ ಇಟ್ಟ. ಅವನ ಜಾಣತನವನ್ನು ಕೊಂಬಿನಲ್ಲಿ ಹುಡುಕಬಾರದು, ಎರಡು ಸಣ್ಣ ವ್ಯವಸ್ಥೆಗಳಲ್ಲಿ ಹುಡುಕಬೇಕು. ಒಂದು, ತಂತಿಗಳ ಪಕ್ಕದಲ್ಲೇ, ಬಲಗೈಯ ಕಿರುಬೆರಳಿಗೆ ಸಿಗುವಂತಿರುವ ವಾಲ್ಯೂಮ್ ಗುಂಡಿ. ಇನ್ನೊಂದು, ತಂತಿಗಳನ್ನು ಹೊತ್ತ, ಅಲುಗಾಡುವ ಬ್ರಿಡ್ಜ್. ಗಿಟಾರಿನ ಬೆನ್ನಿನೊಳಗೆ ಸ್ಪ್ರಿಂಗುಗಳಿವೆ. ತಂತಿಗಳು ಬ್ರಿಡ್ಜನ್ನು ಒಂದು ಕಡೆಗೆ ಎಳೆದರೆ ಸ್ಪ್ರಿಂಗುಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ಬ್ರಿಡ್ಜಿಗೆ ಸಿಕ್ಕಿಸಿದ ಕಬ್ಬಿಣದ ಕಡ್ಡಿಯನ್ನು ಅದುಮಿದರೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಬಿಟ್ಟರೆ ಮೇಲೇರಿ ಮೊದಲಿನ ಜಾಗಕ್ಕೆ ಬರುತ್ತದೆ.

ಈ ಗುಂಡಿ ಕೈಗೆ ತಾಗುತ್ತದೆಂದು ಗೊಣಗುವ ವಾದಕರು ಬಹಳ. ಕಡ್ಡಿಯಿಂದ ಶ್ರುತಿ ಕೆಡುತ್ತದೆಂದು ಬ್ರಿಡ್ಜಿಗೆ ಮರದ ತುಂಡು ಹೊಡೆದು ಅಲುಗದಂತೆ ಮಾಡುವವರು ಇನ್ನೂ ಬಹಳ. ಕ್ಲಾಪ್ಟನ್ ಮಾಡಿದ್ದೂ ಅದನ್ನೇ. ಮದ್ದೂರಿನಲ್ಲಿ ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಗಿಟಾರಿನ ಹುಡುಗನನ್ನು "ಕಡ್ಡಿ ಯಾಕಪ್ಪಾ ಬಿಚ್ಚಿದ್ದೀಯ?" ಎಂದು ಕೇಳಿದೆ. "ಟ್ಯೂನಿಂಗ್ ನಿಲ್ಲಲ್ಲ ಸಾರ್, ಮಧ್ಯದಲ್ಲಿ ಹೋದ್ರೆ ಸಿಂಗರ್ ಬೈತಾರೆ" ಅಂದ. ಅವನ ಕಷ್ಟ ಅವನಿಗೆ. ವಾಲ್ಯೂಮ್ ಪೂರ್ತಿ ಇಟ್ಟು, ಪ್ರೋಸೆಸರಿನಲ್ಲಿ ಒಂದು ಸದ್ದು ಆರಿಸಿಕೊಂಡು, ಇಡೀ ರಾತ್ರಿ ಅದರಲ್ಲೇ ಕಳೆಯುತ್ತಾನೆ. ಫೆಂಡರ್ ಯಾವ ಎರಡು ಬಾಗಿಲು ತೆರೆದಿಟ್ಟನೋ ಆ ಎರಡನ್ನೂ ಮುಚ್ಚಿ ಆಕಾರವನ್ನು ಮಾತ್ರ ಉಳಿಸಿಕೊಂಡಂತಾಯಿತು.

ಬೆಕ್ ಆ ಬಾಗಿಲುಗಳಲ್ಲೇ ವಾಸ ಮಾಡಿದ. ತಂತಿ ಮೀಟುವ ಪ್ಲೆಕ್ಟ್ರಮ್ ಬಿಸಾಕಿ ಬರಿ ಬೆರಳಿಗೆ ಬಂದಿದ್ದರಿಂದ ಅವನ ಬಲಗೈಗೆ ಬಿಡುವು ಸಿಕ್ಕಿತು: ಹೆಬ್ಬೆರಳು ಮೀಟುತ್ತದೆ, ಕಿರುಬೆರಳು ಗುಂಡಿ ತಿರುಗಿಸುತ್ತದೆ, ಕಡ್ಡಿ ಅಂಗೈಯಲ್ಲಿ ಇರುತ್ತದೆ. 2001ರ 'ಯು ಹ್ಯಾಡ್ ಇಟ್ ಕಮಿಂಗ್' ಆಲ್ಬಮ್ಮಿನಲ್ಲಿ ಅವನು ನುಡಿಸಿದ 'ನದಿಯಾ'ವನ್ನೇ ತೆಗೆದುಕೊಳ್ಳೋಣ. ಮೂಲ ನಿತಿನ್ ಸಾಹ್ನಿಯದು, 1999ರ 'ಬಿಯಾಂಡ್ ಸ್ಕಿನ್'ನಲ್ಲಿ ಸ್ವಾತಿ ನಾಟೇಕರ್ ಹಾಡಿದ್ದು. ಹಿಂದೂಸ್ತಾನಿ ಕಂಠದ ಮೀಂಡು, ಮುರ್ಕಿಗಳನ್ನು ಮಾತಿಲ್ಲದ ತಂತಿಯಿಂದ ತೆಗೆಯಬೇಕು. ಇಲ್ಲಿ ಕೇಳಬೇಕಾದದ್ದು ಸ್ವರದ ಹುಟ್ಟು. ಯಾವ ಮೀಟುವ ವಾದ್ಯದಲ್ಲೂ ಮೊದಲು ಬರುವುದು ಪೆಟ್ಟು, ಆಮೇಲೆ ನಾದ. ವೀಣೆಗೂ ಅದರಿಂದ ಬಿಡುಗಡೆಯಿಲ್ಲ. ಗುಂಡಿಯನ್ನು ಸೊನ್ನೆಗಿಳಿಸಿ ಮೀಟಿ, ಮರುಕ್ಷಣ ಕಿರುಬೆರಳಿನಿಂದ ಏರಿಸಿದರೆ ಪೆಟ್ಟು ಕೇಳುವುದಿಲ್ಲ. ಉಸಿರಿನಿಂದ ಎದ್ದು ಬಂದಂತೆ ನಾದ ಬರುತ್ತದೆ. ಬೆಕ್ ಈ ಉಪಾಯವನ್ನು ಎಲ್ಲ ಸ್ವರಕ್ಕೂ ಬಳಸುವುದಿಲ್ಲ, ಸಾಲಿನ ಆರಂಭಕ್ಕೆ, ಗಾಯಕಿ ಬಾಯಿ ತೆರೆಯುವ ಕಡೆಗೆ ಇಟ್ಟುಕೊಳ್ಳುತ್ತಾನೆ. ಎಲ್ಲಿ ಬೇಡ ಎಂಬ ಆ ತಿಳಿವಳಿಕೆಯಲ್ಲೇ ಅವನ ವಿದ್ಯೆಯಿದೆ.

ಆಮೇಲೆ ಇಳಿಕೆ. ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆಳೆದರೆ ಶ್ರುತಿ ಏರುತ್ತದೆ. ಇಳಿಯಬೇಕಾದರೆ ಎಳೆದದ್ದನ್ನು ಬಿಡಬೇಕು. ಅಂದರೆ ಮೆಟ್ಟಿಲ ಸ್ವರವೇ ನೆಲ, ಅದರ ಕೆಳಗೆ ಹೋಗುವಂತಿಲ್ಲ. ಕಡ್ಡಿ ಹಿಡಿದ ಬೆಕ್‌ಗೆ ಆ ನೆಲವಿಲ್ಲ. ಒಂದೇ ಮೀಟಿನ ನಾದದಲ್ಲಿ ಸ್ವರದ ಮೇಲೂ ಕೆಳಗೂ ಓಡಾಡಿ, ನಿಲ್ಲಬೇಕಾದ ಕಡೆಗೆ ಸ್ವಲ್ಪ ತಡವಾಗಿ ಬಂದು ನಿಲ್ಲುತ್ತಾನೆ. 1989ರ 'ವೇರ್ ವರ್ ಯು'ನಲ್ಲಿ ಇದರ ಪರಾಕಾಷ್ಠೆ ಇದೆ: ತಂತಿಯನ್ನು ತಾಗಿಯೂ ತಾಗದಂತೆ ಮುಟ್ಟಿ ಹೊರಡಿಸಿದ ಹಾರ್ಮೋನಿಕ್‌ಗಳನ್ನು ಕಡ್ಡಿಯಿಂದಲೇ ತಿದ್ದಿ ರಾಗ ಕಟ್ಟುತ್ತಾನೆ. ಆ ಕಡ್ಡಿಯ ಮೇಲೆ ಸ್ವರಸ್ಥಾನದ ಗುರುತು ಯಾವುದೂ ಇಲ್ಲ. ಕಿವಿಯೊಂದೇ ಗತಿ.

ದೋಷ ಇಲ್ಲವೆಂದಲ್ಲ. ಕಡ್ಡಿ ಅದುಮಿದರೆ ಆರೂ ತಂತಿ ಒಟ್ಟಿಗೆ ಸಡಿಲವಾಗುವುದರಿಂದ ಪಕ್ಕದಲ್ಲಿ ಶ್ರುತಿಯ ತಂತಿ ಮೀಟುವಂತಿಲ್ಲ. 'ನದಿಯಾ' ಹಾಡಿದ್ದರ ಅನುಕರಣೆಯೇ ಹೊರತು ಅದರಲ್ಲಿ ಮನೋಧರ್ಮದ ವಿಸ್ತಾರವಿಲ್ಲ. ಸರಿ, ಒಪ್ಪಿದೆ.

ಆದರೆ ಪಂಡಿತರು ಆಕ್ಷೇಪ ಎತ್ತುವುದು ಇದಕ್ಕಲ್ಲ. ಅವರ ಪ್ರಕಾರ ಗಿಟಾರಿಗೆ ಗೌರವ ಬರಬೇಕಾದರೆ ಅದು ಕೃತಿ ನುಡಿಸಬೇಕು. ಸುಕುಮಾರ್ ಪ್ರಸಾದ್, ಆಮೇಲೆ ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಕಛೇರಿ ಮಾಡಿದರು. ಅದು ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಅಲ್ಲಿ ಗಮಕದ ಭಾರ ಬಹುಪಾಲು ಎಡಗೈ ಮೇಲೆ. ಅದು ವೀಣೆಯ ಹಾದಿ. ಗಿಟಾರು ವೀಣೆಯಂತಾಯಿತೆಂದು ಮೆಚ್ಚುವ ವಿಮರ್ಶಕ ನಿಜವಾಗಿ ಮೆಚ್ಚಿದ್ದು ವೀಣೆಯನ್ನು. ಜಾನ್ ಮೆಕ್‌ಲಾಫ್ಲಿನ್ 'ಶಕ್ತಿ' ತಂಡಕ್ಕಾಗಿ ತನ್ನ ಗಿಟಾರಿನ ಮೆಟ್ಟಿಲುಗಳ ನಡುವಿನ ಮರ ಕೆತ್ತಿಸಿಕೊಂಡದ್ದನ್ನು ಹಾಡಿ ಹೊಗಳುವವರೂ ಇದೇ ಗುಂಪಿನವರು. ಬೆಕ್ ತನ್ನ ವಾದ್ಯದಲ್ಲಿ ಮೊದಲೇ ಇದ್ದ ಸೌಲಭ್ಯದಿಂದಲೇ ಕಂಠದ ಹತ್ತಿರ ಬಂದ. ನನ್ನ ಮಟ್ಟಿಗೆ ಇದು ಹೆಚ್ಚಿನ ಸಾಧನೆ.

ಇನ್ನೊಂದು ವಾದವಿದೆ: ಕರೆಂಟಿನ ನಾದಕ್ಕೆ ಜೀವವಿಲ್ಲವಂತೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಮಳವಳ್ಳಿ ಸೀಮೆಯಲ್ಲಿ ಕೂತು, ಅದೂ ಮೈಕಿನ ಮುಂದೆ ಈ ಮಾತಾಡುವುದು ತಮಾಷೆ. ಪಕ್ಕದ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿದ್ದು ಹಿಂದಿನ ಸಾಲಿಗೂ ಕೇಳಲಿ ಎಂದು. ಫೆಂಡರ್‌ನ ಮುಂದಿದ್ದ ಪ್ರಶ್ನೆಯೂ ಹೆಚ್ಚು ಕಡಿಮೆ ಅದೇ. ಒಬ್ಬರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಸಭಾಂಗಣ ಕಟ್ಟಿದ ನಾವು, ಇನ್ನೊಬ್ಬನನ್ನು ಗದ್ದಲದ ಜನಕ ಎನ್ನುತ್ತೇವೆ.

ಸ್ಟ್ರಾಟೋಕ್ಯಾಸ್ಟರಿನ ಬೆಲೆಯೂ ಆಕಾರವೂ ಅತಿಸ್ತುತಿ ಪಡೆದಿವೆ, ಗುಂಡಿಯೂ ಕಡ್ಡಿಯೂ ಉಪೇಕ್ಷೆಗೆ ಸಿಕ್ಕಿವೆ. ಬೆಕ್‌ನ ಹಿರಿಮೆ ಪೂರ್ತಿಯಾಗಿ ಆ ಉಪೇಕ್ಷಿತ ಭಾಗದಲ್ಲಿದೆ. ಓದುಗರು ನನ್ನ ಮಾತು ನಂಬಬೇಕಿಲ್ಲ. ಮೊದಲು ಸ್ವಾತಿ ನಾಟೇಕರ್ ಹಾಡಿದ 'ನದಿಯಾ' ಕೇಳಿ, ಆಮೇಲೆ ಬೆಕ್‌ನದು. 2007ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಅವನು ಅದನ್ನು ನುಡಿಸಿದ ಚಿತ್ರೀಕರಣ ಸಿಗುತ್ತದೆ. ನೋಡುವಾಗ ಎಡಗೈ ಬಿಟ್ಟು ಬಲಗೈಯ ಕಿರುಬೆರಳನ್ನು ಗಮನಿಸಿ.