ಹಲ್ಲಿನ ಸಿಮೆಂಟು: ಬಣ್ಣಕ್ಕಿಂತ ಹಿಡಿತ ಮುಖ್ಯ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯೂ ಹುಳುಕು ಹಲ್ಲಿಗೆ ಬೆಳ್ಳಿ ಬಣ್ಣದ್ದು ಬೇಡ, ಹಲ್ಲಿನ ಬಣ್ಣದ್ದೇ ಹಾಕಿ ಎನ್ನುವವರು ಹೆಚ್ಚು. ಆಸೆಯೇನೋ ಸರಿ. ಆದರೆ ತುಂಬಿದ್ದು ಎಷ್ಟು ವರ್ಷ ನಿಲ್ಲುತ್ತದೆ ಎಂಬುದನ್ನು ಬಣ್ಣ ತೀರ್ಮಾನಿಸುವುದಿಲ್ಲ.

ಬೆಳ್ಳಿ ಬಣ್ಣದ ಅಮಾಲ್ಗಮ್ ಹಲ್ಲಿಗೆ ಅಂಟುವುದೇ ಇಲ್ಲ. ಬಾಯಿ ಕಿರಿದು, ತಳ ಅಗಲ ಇರುವಂತೆ ಕುಳಿ ಕೊರೆದು ಸಿಕ್ಕಿಸಬೇಕು; ಅದಕ್ಕಾಗಿ ಗಟ್ಟಿ ಹಲ್ಲನ್ನೂ ಕಳೆದುಕೊಳ್ಳಬೇಕು. ಸಾಲದ್ದಕ್ಕೆ ಅದರಲ್ಲಿ ಅರ್ಧದಷ್ಟು ಪಾದರಸ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್, ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿದರೆ ರಾಳ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಇಂದಿಗೂ ಕೆಲಸ ಅದೇ. ಸುಮಾರು ಶೇ. 37ರ ಆಮ್ಲದ ಜೆಲ್ ಹಚ್ಚಿ, 15 ಸೆಕೆಂಡು ಬಿಟ್ಟು, ತೊಳೆದು ಗಾಳಿ ಊದಿದರೆ ಹೊಳೆಯುತ್ತಿದ್ದ ಎನಾಮೆಲ್ ಸುಣ್ಣ ಬಳಿದಂತೆ ಮಂಕಾಗುತ್ತದೆ. ಆ ಮಂಕೇ ಶುಭಸೂಚನೆ. ಕಣ್ಣಿಗೆ ಕಾಣದ ರಂಧ್ರಗಳಿಗೆ ಬಾಂಡಿಂಗ್ ದ್ರವ ಇಳಿದು, ನೀಲಿ ಬೆಳಕಿಗೆ ಗಟ್ಟಿಯಾಗುತ್ತದೆ.

ಒಳಗಿನ ಡೆಂಟಿನ್ ಅಷ್ಟು ಸಲೀಸಲ್ಲ. ಅತಿಯಾಗಿ ಒಣಗಿಸಿದರೆ ಅದರ ಕೊಲಾಜೆನ್ ನಾರು ಕುಸಿಯುತ್ತದೆ, ನೀರು ನಿಂತರೆ ಅಂಟು ಸೋಲುತ್ತದೆ. ಉಗುಳು ತಾಗಿತೋ, ಮತ್ತೆ ಮೊದಲಿನಿಂದ. ಮೇಲೆ ತುಂಬುವ ಹಲ್ಲಿನ ಬಣ್ಣದ ರಾಳ, ಅಂದರೆ ಕಾಂಪೋಸಿಟ್, ಗಟ್ಟಿಯಾಗುವಾಗ ಕುಗ್ಗುತ್ತದೆ, ಆಳಕ್ಕೆ ಬೆಳಕೂ ತಲುಪದು. ಹಾಗಾಗಿ 2 ಮಿಲಿಮೀಟರಿನಷ್ಟು ದಪ್ಪದ ಪದರಗಳಲ್ಲಿ ತುಂಬಬೇಕು. ಅವಸರದಲ್ಲಿ ಹಾಕಿದ ಬಿಳಿ ಫಿಲ್ಲಿಂಗ್ ಅಂಚಿನಲ್ಲಿ ಸಂದು ಬಿಟ್ಟು, ಒಳಗೊಳಗೇ ಮತ್ತೆ ಹುಳುಕಾಗುತ್ತದೆ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬೆಳೆದವರ ಕಂದುಗಟ್ಟಿದ ಎನಾಮೆಲ್ ಆಮ್ಲಕ್ಕೂ ಸುಲಭವಾಗಿ ಬಗ್ಗದು. ಬಯಲುಸೀಮೆಯ ವೈದ್ಯರು ಇದನ್ನು ಮರೆಯುವಂತಿಲ್ಲ.

ಒಸಡಿನಂಚಿನ ಕುಳಿಗೆ, ಬಾಯಿ ತೆರೆದು ಕೂರಲಾರದ ಮಗುವಿಗೆ ಗ್ಲಾಸ್ ಅಯಾನೊಮರೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಈ ಸಿಮೆಂಟು ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ, ಫ್ಲೋರೈಡ್ ಒಸರುತ್ತದೆ, ತಾನಾಗಿ ಗಟ್ಟಿಯಾಗುತ್ತದೆ. ಬೇಗ ಸವೆಯುವುದು ಅದರ ನಿಜವಾದ ಕೊರತೆ. ಅಡಿಕೆ ಜಗಿಯುವ ದವಡೆಗೆ ಅದು ಸಾಲದು, ಅಲ್ಲಿ ವ್ಯವಧಾನದಿಂದ ಹಾಕಿದ ಕಾಂಪೋಸಿಟ್ ಬೇಕು.

ಕೈ ಉಪಕರಣದಿಂದಲೇ ಹುಳುಕು ಕೆರೆದು ಗ್ಲಾಸ್ ಅಯಾನೊಮರ್ ತುಂಬುವ ಎಆರ್‌ಟಿ ಪದ್ಧತಿಗೆ ಡ್ರಿಲ್ಲೂ ಬೇಡ, ಕರೆಂಟೂ ಬೇಡ. ಶಾಲೆಯ ಜಗುಲಿ ಸಾಕು. ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಟ್ಟ ಸರ್ಕಾರ, ಇದನ್ನು ಈ ಮೂರೂ ತಾಲ್ಲೂಕುಗಳ ಶಾಲೆಗಳಿಗೆ ಮುಟ್ಟಿಸಲಿ.